ಕೆಟಲ್ ಮೇಲಿನ ಆಪಾದನೆ

ನಾಡಿನ ಚರಿತ್ರೆ ಬರೆಯುವ ಪುಣ್ಯಾತ್ಮರು ಮುಂದೊಂದು ದಿನ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಅಧ್ಯಾಯಕ್ಕೆ ಬಂದು ಕೂತಾಗ, ಹೊಲಗಳು ಹೋದದ್ದು, ಕಾರ್ಖಾನೆಗಳು ಬಂದದ್ದು, ಹೊಸೂರು ರಸ್ತೆಯ ಮೇಲೆ ಇನ್ನೊಂದು ರಸ್ತೆ ಎದ್ದದ್ದು ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿ, ಆ ಸೋಮವಾರದ ಘಟನೆಗೆ ಮಾತ್ರ ಇಡೀ ಒಂದು ಪುಟವನ್ನು ಮೀಸಲಿಡಬೇಕಾದೀತು. ಅಂದು ಗೋಪಾಲಪ್ಪನವರ ಕಟ್ಟಡದ ಎರಡನೇ ಮಹಡಿಯ ಲ್ಯಾಬಿನಲ್ಲಿ, ಟೀಗೆ ನೀರು ಕಾಯಿಸುವ ಕರೆಂಟಿನ ಕೆಟಲನ್ನು ನಿಷೇಧಿಸಲಾಯಿತು.

ನಿಷೇಧವೆಂದರೆ ಬಾಯಿಮಾತಿನ ನಿಷೇಧವಲ್ಲ. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಭಾನುಪ್ರಕಾಶ್ ಎಲ್ಲರಿಗೂ ಇಮೇಲ್ ಕಳಿಸಿದರು. ಸದರಿ ಕೆಟಲಿನಿಂದ ಸಂಸ್ಥೆಯ ವೈಜ್ಞಾನಿಕ ಘನತೆಗೆ ಧಕ್ಕೆ ಬಂದಿದೆಯೆಂದೂ ಆಜ್ಞೆ ತಕ್ಷಣದಿಂದ ಜಾರಿಗೆ ಬರುತ್ತದೆಂದೂ ಅದರಲ್ಲಿತ್ತು. ಗುಡಿಸಿ ಒರೆಸಿ ಟೀ ಕೊಡುವ ಸಿದ್ದಕ್ಕ ಅದನ್ನು ಸೆರಗಿನಲ್ಲಿ ಹಿಡಿದು ಸ್ಟೋರ್ ರೂಮಿಗೆ ಒಯ್ದಳು.

"ಏನ್ ಕೊಲೆ ಮಾಡ್ತೋ ಪಾಪ. ಒಂದ್ ಮೂಲೇಲಿ ನೀರು ಕಾಯಿಸ್ಕೊಂಡು ಬಿದ್ದಿತ್ತು" ಎಂದಳು.

ಎಲ್ಲರೂ ನಕ್ಕರು. ನಗದವಳು ವನಜಾ ಒಬ್ಬಳೇ. ಟೀ ತಪ್ಪಿತೆಂದು ಅವಳಿಗೆ ಸಿಟ್ಟು ಬಂದಿರಲಿಲ್ಲ. ಕೆಟಲ್ ನಿರಪರಾಧಿ ಎಂಬುದು ಅವಳಿಗೆ ಗೊತ್ತಿತ್ತು. ಭಾನುಪ್ರಕಾಶರಿಗೂ ಅರ್ಧ ಗೊತ್ತಿದೆ, ಇನ್ನರ್ಧ ಗೊತ್ತಾಗದಿರಲಿ ಎಂದು ಕಣ್ಣು ಮುಚ್ಚಿಕೊಂಡಿದ್ದಾರೆ ಎಂದೂ ಅವಳಿಗೆ ಅನ್ನಿಸುತ್ತಿತ್ತು. ಅವಳ ಸಿಟ್ಟು ಅದಕ್ಕೆ.

ಲ್ಯಾಬಿನ ಕಸುಬು ಏನೆಂದು ಹೇಳದೆ ಕೆಟಲಿನ ಅಪರಾಧ ಅರ್ಥವಾಗುವುದಿಲ್ಲ. ಔಷಧ ಕಂಪನಿಗಳು ಹೊಸ ಮದ್ದೊಂದನ್ನು ಮನುಷ್ಯರಿಗೆ ಕೊಡುವ ಮುಂಚೆ ಇಂಥ ಲ್ಯಾಬುಗಳಿಗೆ ಕಳಿಸುತ್ತವೆ. ಇಲ್ಲಿ ಇಲಿಯ ಮಿದುಳಿನ ಹೋಳೊಂದನ್ನು, ಬಾಳೆಕಾಯಿ ಚಿಪ್ಸಿಗಿಂತ ತೆಳುವಾದದ್ದನ್ನು, ಉಪ್ಪುನೀರಿನಲ್ಲಿಟ್ಟು ಆಮ್ಲಜನಕದ ಗುಳ್ಳೆ ಹಾಯಿಸಿ ಒಂದು ಹಗಲು ಜೀವ ಹಿಡಿದಿಡುತ್ತಾರೆ. ಹೋಳಿನಡಿಗೆ ಗಾಜಿನ ತಟ್ಟೆ, ತಟ್ಟೆಯ ತುಂಬ ಅರವತ್ತು ಸೂಜಿಮೊನೆ. ಹೋಳಿನೊಳಗೆ ನರಕೋಶಗಳು ಮಿಡಿದರೆ ಆ ಪುಟ್ಟ ವಿದ್ಯುತ್ತನ್ನು ಸೂಜಿಮೊನೆ ಹಿಡಿದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಪರದೆಯ ಮೇಲೆ ಅರವತ್ತು ಚೌಕಗಳು. ಎಲ್ಲಿ ಮಿಡಿಯಿತೋ ಅಲ್ಲಿನ ಚೌಕ ಕೆಂಪಾಗುತ್ತದೆ.

ಒಂದು ಕೋಶ ಮಿಡಿದರೆ ಪಕ್ಕದ್ದನ್ನು ಎಬ್ಬಿಸುತ್ತದೆ, ಅದು ಇನ್ನೊಂದನ್ನು. ಊರಿನಲ್ಲಿ ಯಾರದೋ ಮದುವೆ ಮುರಿದ ಸುದ್ದಿ ಹಬ್ಬುವ ಹಾಗೆ. ಕೇಳಿದವರು ಸರಾಸರಿ ಒಬ್ಬರಿಗೂ ಹೇಳದಿದ್ದರೆ ಸುದ್ದಿ ಬೀದಿ ದಾಟುವುದರೊಳಗೆ ಸಾಯುತ್ತದೆ. ಒಬ್ಬರಿಗಿಂತ ಹೆಚ್ಚು ಮಂದಿಗೆ ಹೇಳಿದರೆ ಸಂಜೆಯೊಳಗೆ ಊರಿಗೆ ಊರೇ ಅರಚತೊಡಗುತ್ತದೆ. ನೆಟ್ಟಗಿರುವ ಮಿದುಳು ಇವೆರಡರ ನಡುವೆ, ಒಬ್ಬರು ಒಬ್ಬರಿಗೆ ಹೇಳುವ ಗಡಿಯ ಮೇಲೆ ನಡೆಯುತ್ತದೆ. ಅಲ್ಲಿ ಸಣ್ಣ ಸುದ್ದಿಗಳು ರಾಶಿರಾಶಿ, ದೊಡ್ಡದು ಅಪರೂಪ. ಊರೆಲ್ಲ ಅರಚುವುದಕ್ಕೆ ಮೂರ್ಛೆರೋಗ ಎಂದು ಹೆಸರು. ಹೀಗೆ ಒಂದರಿಂದೊಂದಕ್ಕೆ ಉರುಳಿ ಹೋಗುವ ಮಿಡಿತಕ್ಕೆ ವಿಜ್ಞಾನಿಗಳು ಹಿಮಕುಸಿತ ಎನ್ನುತ್ತಾರೆ. ಬೊಮ್ಮಸಂದ್ರದಲ್ಲಿ ಹಿಮ ಕಂಡವರು ಯಾರು? ಸಿದ್ದಕ್ಕ ನೆಲ ಒರೆಸುತ್ತ ಪರದೆ ನೋಡಿ "ಪಟಾಕಿ ಸರ ಹೊಡ್ದಂಗೈತೆ" ಎಂದಿದ್ದಳು. ಅಂದಿನಿಂದ ಲ್ಯಾಬಿನವರ ಬಾಯಲ್ಲಿ ಅದು ಸರ. ಸಣ್ಣ ಸರ, ದೊಡ್ಡ ಸರ.

ವನಜಾಳ ಕೆಲಸ ಆ ಸರಗಳ ಗಣಿತ. ಒಂದು ಚೌಕ ಹೊತ್ತಿಕೊಂಡರೆ ಪಕ್ಕದ್ದು ಹೊತ್ತಿಕೊಳ್ಳುವ ಸಂಭವ ಎಷ್ಟು ಎಂದು ಲೆಕ್ಕ ಕಟ್ಟಿ, ಮಿದುಳಿನ ಹೋಳಿನ ಹಾಗೆಯೇ ನಡೆದುಕೊಳ್ಳುವ ಮಾಡೆಲೊಂದನ್ನು ಅವಳು ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ಈಗ ಬಂದಿದ್ದದ್ದು ಮೂರ್ಛೆರೋಗದ ಹೊಸ ಮಾತ್ರೆ. ಬೆಳಿಗ್ಗೆ ಬರಿಯ ಹೋಳನ್ನು ನೋಡುವುದು, ಊಟವಾದ ಮೇಲೆ ಅದೇ ಹೋಳಿಗೆ ಮದ್ದು ಹಾಕಿ ನೋಡುವುದು. ಮದ್ದು ಊರನ್ನು ಸುಮ್ಮನಾಗಿಸುತ್ತದೆಯೇ ಎಂದು ಅವಳ ಮಾಡೆಲ್ ಹೇಳಬೇಕು, ಹೇಳಿದ್ದರ ಕೆಳಗೆ ಅವಳು ಹೆಸರು ಹಾಕಬೇಕು. ಸುಮ್ಮನಾಗಿಸುತ್ತದೆ ಎಂದರೆ ಮಾತ್ರೆ ಮುಂದಿನ ಹಂತಕ್ಕೆ, ಅಂದರೆ ಫಿಟ್ಸ್ ಬರುವ ನಿಜವಾದ ಮನುಷ್ಯರ ಬಾಯಿಗೆ ಹೋಗುತ್ತದೆ.

ತೊಂದರೆಯೆಂದರೆ ಮಾಡೆಲ್ ಹಟಮಾರಿಯಾಗಿತ್ತು. ಸಣ್ಣ ಸರಗಳ ಲೆಕ್ಕ ಕೊಟ್ಟರೆ, "ಹಾಗಾದರೆ ದೊಡ್ಡವೂ ಇರಲೇಬೇಕು" ಎಂದು ತಾನೇ ದೊಡ್ಡ ದೊಡ್ಡ ಸರಗಳನ್ನು ಹೊತ್ತಿಸಿ ತೋರಿಸುತ್ತಿತ್ತು. ಲ್ಯಾಬಿನ ದಾಖಲೆಯಲ್ಲಿ ಅಂಥ ಸರ ಒಂದೂ ಇರಲಿಲ್ಲ.

"ನಿನ್ ಮಾಡೆಲ್‌ಗೆ ಸ್ವಲ್ಪ ಬುದ್ಧಿ ಹೇಳಮ್ಮ" ಎಂದರು ಭಾನುಪ್ರಕಾಶ್. "ಇಲ್ಲದ್ದನ್ನೆಲ್ಲ ತೋರಿಸ್ತಿದೆ."

ಹೇಳಿ ನೋಡಿದಳು. ಅದು ಕೇಳಲಿಲ್ಲ. ಕೊನೆಗೆ ವನಜಾ, ಯಂತ್ರಗಳನ್ನು ನೋಡಿಕೊಳ್ಳುವ ಪ್ರಸನ್ನನ ಹತ್ತಿರ ಹೋಗಿ, ಸೋಸುವ ಮುಂಚಿನ ದಾಖಲೆ ಕೊಡು ಎಂದಳು.

ಪ್ರಸನ್ನ ಪೀಣ್ಯದ ಯುಪಿಎಸ್ ಕಾರ್ಖಾನೆಯೊಂದರಲ್ಲಿ ಪಳಗಿ ಬಂದವನು. ಲ್ಯಾಬಿಗೆ ಬಂದ ಹೊಸದರಲ್ಲೇ ಅವನೊಂದು ನಿಯಮ ಬರೆದಿಟ್ಟಿದ್ದ: ಅರ್ಧಕ್ಕಿಂತ ಹೆಚ್ಚು ಚೌಕ ಒಂದೇ ಸರದಲ್ಲಿ ಕೆಂಪಾದರೆ ಅದು ಮಿದುಳಲ್ಲ, ಕರೆಂಟಿನ ಹೊಡೆತ. ಆ ತುಂಡನ್ನು ಕತ್ತರಿಸಿ ಬಿಸಾಡು. ಬೇರೆ ಯಾವ ಸೀಮೆಯಲ್ಲಾದರೂ ಯಾರಾದರೊಬ್ಬರು "ಯಾಕಪ್ಪಾ?" ಎಂದು ಕೇಳುತ್ತಿದ್ದರು. ಇಲ್ಲಿ ಯಾರೂ ಕೇಳಲಿಲ್ಲ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ, ಜನರೇಟರ್ ಗುಡುಗಿ, ಫ್ರಿಜ್ಜು ಸುಟ್ಟು, ಮಿಕ್ಸಿ ಸುಟ್ಟು, ಟೀವಿ ಸುಟ್ಟು ಬೆಳೆದ ಜನ. ಯಾವುದು ತಟ್ಟನೆ ಎದ್ದರೂ ಕರೆಂಟೇ ಇರಬೇಕು ಎಂದು ಹದಿನೆಂಟು ಮಂದಿ ವಿದ್ಯಾವಂತರು ಒಟ್ಟಿಗೆ ತಲೆಯಾಡಿಸಿದ್ದರು. ವನಜಾಳೂ ಬೊಮ್ಮಸಂದ್ರದ ಹಳೇ ಊರಿನವಳೇ. ಅವಳಿಗೂ ಇಷ್ಟು ದಿನ ಹೊಳೆದಿರಲಿಲ್ಲ.

"ಕಸ ಕಣೇ ಅದು. ಕಸದ ಬುಟ್ಟಿ ಕೆದಕ್ತೀನಿ ಅಂತೀಯಲ್ಲ" ಎಂದು ನಕ್ಕ ಪ್ರಸನ್ನ.

"ಕೊಡೋ. ಕೆದಕೋಳು ನಾನು ತಾನೆ?"

ಕೆದಕಿದಳು. ಕರೆಂಟಿನ ಹೊಡೆತಗಳೂ ಇದ್ದವು, ಇಲ್ಲವೆಂದಲ್ಲ. ಅವು ಗುರುತು ಹಚ್ಚಲು ಸುಲಭ: ಅರವತ್ತೂ ಚೌಕ ಒಂದೇ ಕ್ಷಣಕ್ಕೆ ಕೆಂಪು, ಮರುಕ್ಷಣ ಕಪ್ಪು. ಉಳಿದವು ಹಾಗಿರಲಿಲ್ಲ. ಯಾವುದೋ ಮೂಲೆಯ ಒಂದು ಚೌಕ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎರಡು, ಆಮೇಲೆ ಐದು. ಹಬ್ಬಿ, ಹಬ್ಬಿ, ಪರದೆಯನ್ನೆಲ್ಲ ಮುಚ್ಚಿ, ಮೆಲ್ಲಗೆ ಆರುತ್ತಿತ್ತು. ಅವಳ ಮಾಡೆಲ್ ತಿಂಗಳುಗಟ್ಟಲೆ ಬಾಯಿ ಬಡಿದುಕೊಂಡು ಹೇಳಿದ ದೊಡ್ಡ ಸರಗಳು ಅವೇ. ಮದ್ದು ಹಾಕದ ಹೋಳಿನಲ್ಲಿ ಅಲ್ಲೊಂದು ಇಲ್ಲೊಂದು. ಮದ್ದು ಹಾಕಿದ ಮೇಲೆ ಸಾಲುಸಾಲು.

ಮದ್ದು ಸಣ್ಣ ಸರಗಳನ್ನು ಅಡಗಿಸುತ್ತಿತ್ತು, ದೊಡ್ಡವನ್ನು ಬೆಳೆಸುತ್ತಿತ್ತು. ಪ್ರಸನ್ನನ ನಿಯಮ ದೊಡ್ಡವನ್ನು ಕತ್ತರಿಸುತ್ತಿತ್ತು. ಉಳಿದ ದಾಖಲೆಯಲ್ಲಿ ಮದ್ದು ಅಮೃತದಂತೆ ಕಾಣುತ್ತಿತ್ತು.

ಅದನ್ನು ಕಂಡಾಗ ವನಜಾಳಿಗೆ ಮೊದಲು ನೆನಪಾದದ್ದು ಒಂದು ಹೆಬ್ಬೆರಳು.

ಅವಳ ದೊಡ್ಡಪ್ಪನ ಮಗಳು ಪದ್ಮಾವತಿಗೆ ಚಿಕ್ಕಂದಿನಿಂದ ಫಿಟ್ಸು. ಇಬ್ಬರೂ ಒಂದೇ ವಯಸ್ಸು, ಒಂದೇ ಬೆಂಚು. ಬರುವ ಮುಂಚೆ ಪದ್ಮಾವತಿಯ ಎಡಗೈ ಹೆಬ್ಬೆರಳು ತಾನಾಗಿ ಕುಣಿಯುತ್ತಿತ್ತು. ಆಮೇಲೆ ಮಣಿಕಟ್ಟು, ಮೊಣಕೈ, ಭುಜ. ಅದು ಮುಖಕ್ಕೆ ಏರುವುದರೊಳಗೆ ವನಜಾ ಅವಳ ತಲೆಯಡಿ ತನ್ನ ಬ್ಯಾಗು ಇಡಬೇಕು. ಅಷ್ಟರಲ್ಲಿ ದೊಡ್ಡವರು ಓಡಿ ಬರುತ್ತಿದ್ದರು, ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ಅದನ್ನು ಪದ್ಮಾವತಿಯ ಮುಷ್ಟಿಗೆ ತುರುಕುತ್ತಿದ್ದರು. ಫಿಟ್ಸು ತನ್ನ ಪಾಡಿಗೆ ತಾನು ಮುಗಿಯುತ್ತಿತ್ತು. ಹೆಸರು ಬೀಗದ ಕೈಗೆ ಬರುತ್ತಿತ್ತು. ಆ ಗೊಂಚಲು ಕಂಡರೆ ವನಜಾಳಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕತ್ತರಿಸಿದ ತುಂಡುಗಳು ಹೆಚ್ಚಾದಂತೆ ಔಷಧ ಕಂಪನಿಯವರು, ಮದ್ದು ಹಾಕಿದ ಮೇಲೆಯೇ ದಾಖಲೆಯಲ್ಲಿ ಇಷ್ಟು ತೂತು ಯಾಕೆ ಎಂದು ಕೇಳಿದ್ದರು. ತೂತಿಗೆ ಕಾರಣ ಬೇಕಿತ್ತು. ಕರೆಂಟು ಜಗ್ಗುವ ಕೆಟಲ್ ಸಿಕ್ಕಿತು.

ವನಜಾ ನೇರ ಭಾನುಪ್ರಕಾಶರ ಕೋಣೆಗೆ ನುಗ್ಗಿದಳು.

"ಸಾರ್, ಕೆಟಲ್‌ಗೆ ಯಾವ ಹೋಳಿಗೆ ಮದ್ದು ಹಾಕಿದ್ದೀವಿ ಅಂತ ಗೊತ್ತಾಗುತ್ತಾ?"

"ಏನಮ್ಮಾ ಅದು?"

"ಬೆಳಿಗ್ಗೆ ಟೀ ಕಾಯಿಸಿದ್ರೆ ಏನೂ ಆಗಲ್ಲ. ಮಧ್ಯಾಹ್ನ ಮದ್ದು ಹಾಕಿದ್ಮೇಲೆ ಕಾಯಿಸಿದ್ರೆ ಮಾತ್ರ ಹೊಡೆತ ಬೀಳುತ್ತೆ. ಅಷ್ಟು ಬುದ್ಧಿವಂತ ಕೆಟಲ್ ಆದ್ರೆ ಅದಕ್ಕೇ ಒಂದು ಪಿಎಚ್‌ಡಿ ಕೊಡಿ."

ಭಾನುಪ್ರಕಾಶ್ ಮುಖದ ನಗುವನ್ನು ಕೈಬಿಡಲಿಲ್ಲ. ಅವರು ಸಿಟ್ಟಾದಾಗ ಹೆಚ್ಚು ಮೃದುವಾಗುವ ಜಾತಿ. "ಮಧ್ಯಾಹ್ನ ಈ ಏರಿಯಾದಲ್ಲಿ ಕರೆಂಟು ಹದಗೆಡುತ್ತೆ, ನಿನಗೆ ಗೊತ್ತಿಲ್ವಾ? ನೀನು ಇಲ್ಲೇ ಹುಟ್ಟಿದೋಳು."

"ಹಾಗಾದ್ರೆ ಒಂದ್ ದಿನ ಬೆಳಿಗ್ಗೆಯೇ ಮದ್ದು ಹಾಕಿ ನೋಡೋಣ."

"ಕ್ಲೈಂಟು ಒಪ್ಪಿರೋ ಕ್ರಮ ಬೇರೆ. ನೋಡಮ್ಮ, ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು. ಈ ಕಾಂಟ್ರಾಕ್ಟು ಹೋದ್ರೆ ಲ್ಯಾಬಿನ ಬಾಗಿಲು ಹಾಕ್ಬೇಕಾಗುತ್ತೆ. ಎಲ್ಲರ ಮನೇಲೂ ಒಲೆ ಉರೀಬೇಕಲ್ವಾ?"

"ಆ ಮಾತ್ರೆ ನುಂಗೋರ ಮನೇಲಿ ಸಾರ್?"

ಭಾನುಪ್ರಕಾಶ್ ಕನ್ನಡಕ ತೆಗೆದು ಒರೆಸಿದರು. "ಬಿಲ್ಡಿಂಗ್ ಓನರ್ ತಮ್ಮನ ಮಗಳು ಅಂತ ನಾನು ಇಷ್ಟೊತ್ತು ಕೇಳಿಸ್ಕೊಂಡಿದ್ದೀನಿ" ಎಂದರು ಅತ್ಯಂತ ಮೃದುವಾಗಿ.

ಅದು ಹಳೆಯ ಮುಳ್ಳು. ಕಟ್ಟಡದ ಒಡೆಯ ಗೋಪಾಲಪ್ಪ ಅವಳ ದೊಡ್ಡಪ್ಪ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟವರು. ವನಜಾ ಕೆಲಸಕ್ಕೆ ಸೇರಿದ ದಿನದಿಂದ ಲ್ಯಾಬಿನಲ್ಲಿ ಅವಳಿಗೆ "ಓನರ್ ಕೋಟಾ" ಎಂದೇ ಹೆಸರು. ಪಿಎಚ್‌ಡಿ ಅವಳು ಓದಿ ಪಡೆದದ್ದೋ ಬಾಡಿಗೆ ಕರಾರಿನ ಜೊತೆ ಬಂದದ್ದೋ ಎಂದು ಪ್ಯಾಂಟ್ರಿಯಲ್ಲಿ ಚರ್ಚೆಯಾಗಿತ್ತು. ಅವಳು ಹಲ್ಲು ಕಚ್ಚಿಕೊಂಡು ಹೊರಬಂದಳು. ಬಾಗಿಲನ್ನು ಎಷ್ಟು ಜೋರಾಗಿ ಎಳೆದಳೆಂದರೆ ಪ್ರಸನ್ನ ಅಭ್ಯಾಸಬಲದಿಂದ ಯುಪಿಎಸ್ ಕಡೆ ನೋಡಿದ.

ಕೆಟಲ್ ಹೋದ ಮೇಲೂ ತೂತುಗಳು ನಿಲ್ಲಲಿಲ್ಲ. ಮೈಕ್ರೋವೇವ್ ಒಲೆಯನ್ನು ನಿಷೇಧಿಸಿದರು. ಹದಿನೆಂಟು ಮಂದಿ ತಣ್ಣನೆಯ ಚಿತ್ರಾನ್ನ ತಿಂದರು. ಮಧ್ಯಾಹ್ನ ಲಿಫ್ಟನ್ನು ನಿಲ್ಲಿಸಿದರು. ಮೇಲಿನ ಮಹಡಿಯ ಹೊಲಿಗೆ ಘಟಕದ ಹೆಂಗಸರು ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುತ್ತ, ಲ್ಯಾಬಿನ ಬಾಗಿಲಿಗೆ ಕೇಳುವಂತೆ ಬೈದರು. ಸಿದ್ದಕ್ಕ ಹೊರಗಿನ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಟೀ ತರತೊಡಗಿದಳು. "ಇನ್ನು ನನ್ ಕೈಬಳೆ ಒಂದ್ ಉಳ್ದೈತೆ. ಅದೂ ಸದ್ದು ಮಾಡ್ತದೆ, ತೆಗೀಬೇಕಾ ಕೇಳಿ ನಿಮ್ ಸಾಹೇಬ್ರನ್ನ" ಎಂದಳು. ದಿನಗಳು ಕಳೆದಂತೆ ಭಾನುಪ್ರಕಾಶ್ ತಾವು ಹೇಳಿದ್ದನ್ನು ಹೇಳಿ ಹೇಳಿ ತಾವೇ ನಂಬಿಬಿಟ್ಟರು. ಈಗ ಅವರು ನಿಜವಾಗಿಯೂ ಅಪರಾಧಿಯನ್ನು ಹುಡುಕುತ್ತಿದ್ದರು. ಕೊನೆಗೆ ಅವರ ಕಣ್ಣು ಬಿದ್ದದ್ದು ಗೋಪಾಲಪ್ಪನವರ ಬೋರ್‌ವೆಲ್ ಮೋಟರಿನ ಮೇಲೆ.

ಅವತ್ತು ಸಂಜೆ ವನಜಾ ಮನೆಗೆ ಹೋಗುವಾಗ ಗೋಪಾಲಪ್ಪ ಗೇಟಿನ ಹತ್ತಿರ ನಿಂತಿದ್ದರು. ಬಿಳಿ ಪಂಚೆ, ಸೊಂಟದಲ್ಲಿ ಎಲ್ಲ ಮಹಡಿಗಳ ಬೀಗದ ಕೈ ಗೊಂಚಲು.

"ಏನಮ್ಮಣ್ಣಿ, ನಿಮ್ ಡಾಕ್ಟ್ರು ನನ್ ಮೋಟ್ರು ಮ್ಯಾಲೆ ಕಂಪ್ಲೇಂಟ್ ಯೋಳ್ತಾನಂತೆ? ಇಲಿ ಮೆದುಳಿಗೂ ನನ್ ಮೋಟ್ರಿಗೂ ಯಾವ್ ಕಡೆ ಸಂಬಂದ?"

"ಯಾವ ಸಂಬಂಧವೂ ಇಲ್ಲ ದೊಡ್ಡಪ್ಪ."

"ಮತ್ತೆ ಯಾಕೆ ಅಂಗಂತಾನೆ?"

"ಮದ್ದು ಕೆಟ್ಟದ್ದು ಅಂತ ಹೇಳಕ್ಕಿಂತ ಮೋಟ್ರು ಕೆಟ್ಟದ್ದು ಅನ್ನೋದು ಸುಲಭ. ಅದಕ್ಕೆ."

"ಯಾತುರ್ ಮದ್ದು?"

ವನಜಾ ತಲೆಯೆತ್ತಿ ನೋಡಿದಳು. ಪಕ್ಕದಲ್ಲೇ ಇದ್ದ ದೊಡ್ಡಪ್ಪನ ಮನೆಯ ಬಾಲ್ಕನಿಯಲ್ಲಿ ಪದ್ಮಾವತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಫಿಟ್ಸಿಂದು" ಎಂದಳು ವನಜಾ.

ಗೋಪಾಲಪ್ಪ ಬಾಲ್ಕನಿಯ ಕಡೆ ನೋಡಿದರು. ಆಮೇಲೆ, "ಮೋಟ್ರು ನಿಲ್ಸು ಅಂದ್ರೆ ನಿಲ್ಸ್ತೀನಿ. ಆದ್ರೆ ನಿಲ್ಸಿದ್ ದಿನ ನಾನೇ ಬಂದು ನೋಡ್ತೀನಿ. ಯಾವೋನ್ ತಪ್ಪು ಅಂತ ಕಣ್ಣಾರೆ ನೋಡ್ಬೇಕು" ಎಂದರು.

ಆ ದಿನ ಬೇಗ ಬಂತು. ಔಷಧ ಕಂಪನಿಯಿಂದ ಡಾಕ್ಟರ್ ಶಶಿಕಲಾ ಎಂಬವರು ತಾವೇ ಬಂದು ನೋಡುತ್ತೇವೆ ಎಂದರು. ಮಧ್ಯಾಹ್ನದ ವಿಮಾನ ಹಿಡಿಯಬೇಕು, ಹೊಸೂರು ರಸ್ತೆಯನ್ನು ನಂಬುವಂತಿಲ್ಲ, ಆದ್ದರಿಂದ ಮದ್ದು ಹಾಕಿದ ಹೋಳನ್ನು ಬೆಳಿಗ್ಗೆಯೇ ತೋರಿಸಿ ಎಂದು ಕೇಳಿಕೊಂಡರು. ವನಜಾ ವಾರಗಟ್ಟಲೆ ಬೇಡಿದ್ದು ಹೊಸೂರು ರಸ್ತೆಯ ಟ್ರಾಫಿಕ್ಕಿನ ಕೃಪೆಯಿಂದ ಒಂದು ಫೋನಿನಲ್ಲಿ ಆಗಿಹೋಯಿತು.

ಭಾನುಪ್ರಕಾಶ್ ಸಿದ್ಧತೆ ಜೋರಾಗಿ ಮಾಡಿದರು. ಕೆಟಲ್ ಇಲ್ಲ, ಒಲೆ ಇಲ್ಲ, ಲಿಫ್ಟಿಲ್ಲ, ಮೋಟರಿಲ್ಲ. ಅಷ್ಟಕ್ಕೂ ತೃಪ್ತಿಯಾಗದೆ ಇಡೀ ಕಟ್ಟಡದ ಮೈನ್ ಸ್ವಿಚ್ಚನ್ನೇ ಇಳಿಸಲು ಗೋಪಾಲಪ್ಪನವರನ್ನು ಕೇಳಿಕೊಂಡರು. ಹೊಲಿಗೆ ಘಟಕಕ್ಕೆ ಅರ್ಧ ದಿನ ರಜೆ. ಹೋಳಿನ ಯಂತ್ರವೂ ಪರದೆಯೂ ಬ್ಯಾಟರಿಯ ಮೇಲೆ ನಡೆಯಬೇಕೆಂದು ಪ್ರಸನ್ನನಿಗೆ ಅಪ್ಪಣೆಯಾಯಿತು.

ಶಶಿಕಲಾ ಸಣ್ಣ ಆಳು, ನರೆತ ಕೂದಲು, ಚಿತ್ರದುರ್ಗದ ಕಡೆಯ ಕನ್ನಡ. ಕತ್ತಲೆಯ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಸಾರಿ ಮೇಡಂ, ಲಿಫ್ಟು ಆಫ್ ಮಾಡ್ಸಿದ್ದೀವಿ" ಎಂದರು ಭಾನುಪ್ರಕಾಶ್ ಹೆಮ್ಮೆಯಿಂದ. "ಹಿಂದೆ ನಿಮಗೆ ಕಂಡ ತೂತುಗಳೆಲ್ಲ ಕರೆಂಟಿನ ಕಾಟ. ಇವತ್ತು ಈ ಬಿಲ್ಡಿಂಗಲ್ಲಿ ಒಂದು ಬಲ್ಬೂ ಉರೀತಿಲ್ಲ. ಇಷ್ಟು ಶುದ್ಧವಾದ ರೆಕಾರ್ಡಿಂಗ್ ನೀವು ಎಲ್ಲೂ ನೋಡಿರಲ್ಲ."

"ಟೀ ಆದ್ರೂ ಸಿಗ್ತದಾ?"

"ಫ್ಲಾಸ್ಕಲ್ಲೈತೆ ಮೇಡಂ. ಕೆಟಲ್ ಜೈಲಲ್ಲೈತೆ" ಎಂದಳು ಸಿದ್ದಕ್ಕ ಬಾಗಿಲಿನಿಂದ. ಭಾನುಪ್ರಕಾಶ್ ಅವಳತ್ತ ಮೃದುವಾಗಿ ನೋಡಿದರು.

ಗೋಪಾಲಪ್ಪ ಹೇಳಿದ ಮಾತಿನಂತೆ ಬಂದು ಗೋಡೆಗೆ ಒರಗಿ ನಿಂತಿದ್ದರು. ಮೈನ್ ಇಳಿಸಿದ ಮನುಷ್ಯನನ್ನು ಹೊರಗೆ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಪರದೆ ಹೊತ್ತಿತು. ಅರವತ್ತು ಕಪ್ಪು ಚೌಕಗಳು. ಪ್ರಸನ್ನ ಕೀಬೋರ್ಡಿನ ಮುಂದೆ ಕೂತಿದ್ದ; ವನಜಾ ಅವನ ಹಿಂದೆ.

"ಸಾರ್" ಎಂದಳು ಎಲ್ಲರಿಗೂ ಕೇಳುವ ಹಾಗೆ. "ಇವತ್ತು ಕರೆಂಟಿನ ಕಾಟವೇ ಇಲ್ಲವಲ್ಲ. ಕರೆಂಟಿನ ಹೊಡೆತ ಕತ್ತರಿಸೋ ನಿಯಮ ಯಾಕೆ ಬೇಕು? ತೆಗೆದುಬಿಡ್ಲಾ?"

ಭಾನುಪ್ರಕಾಶರ ಮುಖದಲ್ಲಿ ನಗು ಹಾಗೆಯೇ ನಿಂತಿತು. ಕೆಳಗಿನ ತುಟಿ ಮಾತ್ರ ಏನನ್ನೋ ಹುಡುಕುತ್ತಿತ್ತು.

"ಯಾವ ನಿಯಮ?" ಎಂದರು ಶಶಿಕಲಾ.

"ಏನಿಲ್ಲ ಮೇಡಂ, ಸಣ್ಣ ಕ್ಲೀನಿಂಗು..."

"ತೆಗೀರಿ. ಎಲ್ಲಾ ಬಂದ್ ಮಾಡಿದ ಮ್ಯಾಲೆ ತೊಳೆಯೋದೇನೈತಿ?"

ಪ್ರಸನ್ನ ಭಾನುಪ್ರಕಾಶರ ಮುಖ ನೋಡಿದ. ಆಮೇಲೆ ವನಜಾಳ ಮುಖ ನೋಡಿದ. ಆ ಮುಖದಲ್ಲಿ ಏನಿತ್ತೋ, ನಿಯಮದ ಗುರುತಿನ ಮೇಲೆ ಬೆರಳು ಒತ್ತಿಬಿಟ್ಟ.

ಸ್ವಲ್ಪ ಹೊತ್ತು ಏನೂ ಇಲ್ಲ. ಅಲ್ಲೊಂದು ಚೌಕ ಮಿಣುಕಿ ಆರಿತು. ಇಲ್ಲಿ ಎರಡು. ಮದ್ದು ತನ್ನ ಕೆಲಸ ಮಾಡಿತ್ತು. ಸಣ್ಣ ಸರಗಳು ನಿಜಕ್ಕೂ ಅಪರೂಪವಾಗಿದ್ದವು. ಭಾನುಪ್ರಕಾಶರ ಭುಜ ಸಡಿಲವಾಯಿತು. "ಎಷ್ಟು ಶಾಂತವಾಗಿದೆ ನೋಡಿ ಮೇಡಂ" ಎಂದರು. ವನಜಾ ಮೂಲೆಮೂಲೆಯ ಚೌಕವನ್ನೂ ಕಣ್ಣಿಂದ ಹುಡುಕಿದಳು. ದೊಡ್ಡ ಸರ ಬರದಿದ್ದರೆ? ಇವತ್ತೊಂದು ದಿನ ಬರದೇ ಹೋದರೆ ಮಾತ್ರೆ ಮುಂದೆ ಹೋಗುತ್ತದೆ. ಒಂದು ಹೋಳಿಗೆ ಮೂರ್ಛೆ ಬರಲಿ ಎಂದು ತಾನು ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ಹೇಸಿಗೆಯೂ ಆಯಿತು.

ಆಗ ಎಡಗಡೆಯ ಕೆಳಗಿನ ಮೂಲೆಯಲ್ಲಿ ಒಂದು ಚೌಕ ಕೆಂಪಾಯಿತು.

ಆರಲಿಲ್ಲ. ಪಕ್ಕದ್ದು ಕೆಂಪಾಯಿತು. ಅದರ ಮೇಲಿನ ಎರಡು. ಹೆಬ್ಬೆರಳು, ಎಂದುಕೊಂಡಳು ವನಜಾ. ಮಣಿಕಟ್ಟು. ಮೊಣಕೈ. ಕೆಂಪು ತಡವರಿಸದೆ, ಆತುರಪಡದೆ, ಮನೆಯಿಂದ ಮನೆಗೆ ಹೋಗುವವರ ಹಾಗೆ ಚೌಕದಿಂದ ಚೌಕಕ್ಕೆ ನಡೆಯಿತು. ಭುಜ. ಮುಖ. ಪರದೆಯೆಲ್ಲ ಕೆಂಪಾಗಿ, ಕತ್ತಲೆ ಕೋಣೆಯಲ್ಲಿ ಎಲ್ಲರ ಮುಖವೂ ಕೆಂಪಾಗಿ ಕಂಡಿತು.

ಗೋಡೆಯ ಹತ್ತಿರ ಝಣ್ ಎಂದಿತು. ವನಜಾ ತಿರುಗಿ ನೋಡಿದಳು. ಗೋಪಾಲಪ್ಪ ಪರದೆಯಿಂದ ಕಣ್ಣು ಕೀಳದೆ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದಿದ್ದರು. ಯಾರ ಕೈಗೆ ಕೊಡುವುದು ಎಂದು ತಿಳಿಯದೆ ಅಲ್ಲೇ ನಿಂತಿದ್ದರು.

ಆ ಗೊಂಚಲು ಕಂಡು ವನಜಾಳಿಗೆ ಮೊದಲ ಸಲ ಮೈ ಉರಿಯಲಿಲ್ಲ.

"ಕರೆಂಟ್ ಫ್ಲಕ್ಚುಯೇಷನ್ ಮೇಡಂ" ಎಂದರು ಭಾನುಪ್ರಕಾಶ್. ಬಾಯಿಗೆ ಆ ಮಾತು ಅಷ್ಟು ರೂಢಿಯಾಗಿತ್ತು, ತಾನಾಗಿ ಬಂದುಬಿಟ್ಟಿತು.

"ಏನಂದೆ?" ಎಂದರು ಗೋಪಾಲಪ್ಪ. "ಏನಂದೆಯಯ್ಯಾ? ಮೈನು ಇಳಿಸಿ ಬಂದಿವ್ನಿ ನಾನು, ಇದೇ ಕೈಯಾಗೆ! ಕರೆಂಟು ಎಲ್ಲಿಂದ ಬಂತು, ನಿನ್ ಜೋಬಿಂದ್ಲಾ? ನನ್ ಮೋಟ್ರು ಅಂದೆ, ಆ ಹೆಂಗಸ್ರ ಲಿಫ್ಟು ಅಂದೆ, ಟೀ ಚೊಂಬನ್ನೂ ಬಿಡ್ಲಿಲ್ಲ. ಈಗ ಯಾವುದ್ರ ಮ್ಯಾಲೆ ಆಕ್ತೀಯ? ಇದೇನು ಅಂತ ನಂಗೊತ್ತಿಲ್ವಾ? ಮೂವತ್ ವರ್ಸದಿಂದ ನನ್ ಮನ್ಯಾಗೆ ನೋಡ್ತಾ ಇವ್ನಿ!"

"ಯಜಮಾನ್ರೇ, ದಯವಿಟ್ಟು ಹೊರಗೆ..."

"ನನ್ ಬಿಲ್ಡಿಂಗಾಗೆ ನಾನ್ ಎಲ್ಲಿಗಯ್ಯಾ ಓಗ್ಲಿ?"

"ದೊಡ್ಡಪ್ಪ, ಇರಿ" ಎಂದಳು ವನಜಾ. ಶಶಿಕಲಾ ಕಡೆ ತಿರುಗಿದಳು. "ಮೇಡಂ, ಕರೆಂಟು ಹೊಡೆದ್ರೆ ಅರವತ್ತೂ ಒಟ್ಟಿಗೆ ಏಳ್ಬೇಕು. ಇದು ಒಂದು ಮೂಲೆಯಿಂದ ನಡ್ಕೊಂಡು ಬಂತು, ನೀವೇ ನೋಡಿದ್ರಿ. ಇಂಥವು ಮದ್ದು ಹಾಕಿದ ಪ್ರತಿ ಹೋಳಲ್ಲೂ ಇವೆ. ಎಲ್ಲಾ ಕತ್ತರಿಸಿ ಬಿಸಾಡಿದ್ದೀವಿ. ನಿಮಗೆ ಕಂಡ ತೂತು ತೂತಲ್ಲ, ಅದೇ ಉತ್ತರ. ನನ್ನ ಮಾಡೆಲ್ ಇದನ್ನ ಮೊದಲೇ ಹೇಳಿತ್ತು. ಅದಕ್ಕೆ ಬುದ್ಧಿ ಹೇಳು ಅಂದ್ರು."

"ವನಜಾ" ಎಂದರು ಭಾನುಪ್ರಕಾಶ್, ಇದುವರೆಗಿನ ಎಲ್ಲಕ್ಕಿಂತ ಮೃದುವಾಗಿ.

"ಏನ್ ಸಾರ್? ನಾನು ಓನರ್ ಕೋಟಾ ಅಂತ ಹೇಳ್ತೀರಾ? ಹೇಳಿ. ಮೇಡಂಗೂ ಗೊತ್ತಾಗ್ಲಿ. ಆ ಹೋಳಿಗೆ ನಾನು ಯಾರ ತಮ್ಮನ ಮಗಳು ಅಂತ ಗೊತ್ತಿಲ್ಲ. ಅದು ತನ್ನ ಪಾಡಿಗೆ ತಾನು ಒದ್ದಾಡಿ ತೋರಿಸ್ತು. ಕೆಟಲ್ ಆಯ್ತು, ಲಿಫ್ಟಾಯ್ತು, ಮೋಟ್ರಾಯ್ತು. ನಾಳೆ ಈ ಮಾತ್ರೆ ನುಂಗಿ ಯಾವುದೋ ಹುಡುಗಿ ಬಸ್‌ಸ್ಟಾಪಲ್ಲಿ ಬಿದ್ರೆ ಯಾವ ಸ್ವಿಚ್ ಆಫ್ ಮಾಡಿಸ್ತೀರಾ?"

ಪರದೆಯ ಮೇಲೆ, ಆರಿದ ಮೂಲೆಯಿಂದಲೇ, ಮತ್ತೊಂದು ಚೌಕ ಕೆಂಪಾಯಿತು. ಈ ಸಲ ಎಲ್ಲರೂ ಅದು ನಡೆಯುವುದನ್ನು ನೋಡಿದರು. ಪ್ರಸನ್ನ ತಲೆಯ ಮೇಲೆ ಕೈ ಹೊತ್ತು, "ನಡೀತಾ ಇದೆ ಗುರು. ನಿಜವಾಗ್ಲೂ ನಡ್ಕೊಂಡ್ ಬರ್ತಿದೆ. ಇಷ್ಟು ದಿನ ನಾನು..." ಎಂದು ಅರ್ಧಕ್ಕೆ ನಿಲ್ಲಿಸಿದ.

ಶಶಿಕಲಾ ಟೀ ಲೋಟವನ್ನು ಕೆಳಗಿಟ್ಟರು. "ಕತ್ತರಿಸಿದ್ದು ಇಟ್ಟೀರೋ, ಅಳಿಸೀರೋ?"

"ಇಟ್ಟಿದ್ದೀವಿ ಮೇಡಂ" ಎಂದ ಪ್ರಸನ್ನ.

"ಎಲ್ಲಾ ಕೊಡ್ರಿ. ಒಂದೂ ಬಿಡಬ್ಯಾಡ್ರಿ."

ಪ್ರಸನ್ನ ಎಲ್ಲವನ್ನೂ ಡಿಸ್ಕಿಗೆ ತುಂಬಿಸುವ ತನಕ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ವಿಮಾನ ತಪ್ಪಿತು. ಭಾನುಪ್ರಕಾಶ್ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗೋಪಾಲಪ್ಪ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ಬಂದು, ವನಜಾಳ ಮುಂದೆ ನಿಂತರು.

"ಇದ ಹಿಡಿಸಿದ್ರೆ ನಿಲ್ಲಾಕಿಲ್ಲ, ಅಲ್ವಾ?" ಎಂದು ಕೇಳಿದರು.

"ಇಲ್ಲ ದೊಡ್ಡಪ್ಪ. ಯಾವತ್ತೂ ನಿಂತಿರ್ಲಿಲ್ಲ."

"ಅದುನ್ ಆವತ್ತೇ ಯೋಳಾದಲ್ವಾ?"

"ಆವತ್ತು ನಂಗೆ ಎಂಟು ವರ್ಷ. ಹೇಳಿದ್ದೆ. ಕಪಾಳಕ್ಕೆ ಹೊಡೆದಿದ್ರಿ."

ಗೋಪಾಲಪ್ಪ ಸ್ವಲ್ಪ ಹೊತ್ತು ಅವಳ ಕೆನ್ನೆಯನ್ನೇ ನೋಡಿದರು. ಆಮೇಲೆ ಮೈನ್ ಸ್ವಿಚ್ಚು ಎತ್ತಲು ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ಲೈಟು ಬಂತು, ಲಿಫ್ಟು ಎಲ್ಲೋ ಗುರ್ ಎಂದಿತು, ಮೋಟರು ನೀರೆತ್ತತೊಡಗಿತು.

ಮಾತ್ರೆಯನ್ನು ಕಂಪನಿ ಕೈಬಿಟ್ಟಿತು. ಕಾಂಟ್ರಾಕ್ಟು ಹೋಯಿತು. ಲ್ಯಾಬಿನ ಬಾಗಿಲು ಮಾತ್ರ ಮುಚ್ಚಲಿಲ್ಲ. ತಿಂಗಳ ಕೊನೆಗೆ ವನಜಾಳನ್ನು ಕೆಲಸದಿಂದ ತೆಗೆದರು. ಕೆಟಲ್ ಪ್ಯಾಂಟ್ರಿಗೆ ವಾಪಸು ಬಂತು.